ಶಂಭುಲಿಂಗನ ಕೊನೆಯ ಅಧ್ಯಾಯ

ಅಂದು ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಏಳು ವರ್ಷ ನೀರಿಗಿಳಿದು, ಕೋಲು ಹಾಕಿ ಅಳೆದು ಬರೆದ ಮಹಾಪ್ರಬಂಧ ಕೊನೆಗೂ ಮುಗಿದಿತ್ತು. ಈ ಹೊಳೆಯನ್ನು ಎಲ್ಲಿ, ಯಾವಾಗ ನಡೆದು ದಾಟಬಹುದು ಎಂಬುದೇ ಅದರ ವಿಷಯ.

ನಾಳೆ ವಿದ್ವಾಂಸರ ಸಭೆ. ಅಲ್ಲಿ ಓದುವುದು ಉಪಸಂಹಾರವೊಂದನ್ನೇ. ಆಶ್ರಮದ ಪದ್ಧತಿ ಹಾಗೆ. ಸಭೆ ತಲೆದೂಗಿದರೆ ಗ್ರಂಥ ಭಂಡಾರಕ್ಕೆ, ಇಲ್ಲವಾದರೆ ಅಟ್ಟಕ್ಕೆ.

ಗುರು ಮಹಾಂತಯ್ಯನವರು ಉಪಸಂಹಾರದ ಅರವತ್ತು ಹಾಳೆಗಳನ್ನೂ ತಿರುವಿ ಹಾಕಿದರು.

"ಮೊದಲನೇ ಅಧ್ಯಾಯದಾಗ ಇದ್ದದ್ದ ಇಲ್ಲೂ ಐತಲ್ಲೋ?"

"ಎಲ್ಲಾ ಅಧ್ಯಾಯದ ಸಾರ ಇನ್ನೊಮ್ಮೆ ಹೇಳೀನ್ರಿ ಅಜ್ಜಾರ. ಒಂದೂ ಬಿಟ್ಟಿಲ್ಲ!"

"ಹಾಡಿದ್ದ ಹಾಡೋ ಕಿಸಬಾಯಿ ದಾಸ" ಎಂದು ಗುರುಗಳು ನಕ್ಕರು. ಶಂಭುಲಿಂಗನ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಸೂಲಗಿತ್ತಿ ಹೊನ್ನವ್ವ ಏದುಸಿರು ಬಿಡುತ್ತ ಬಂದಳು.

"ಆಚಿ ದಂಡ್ಯಾಗ ಬಸುರಿಗೆ ಬ್ಯಾನಿ ಶುರುವಾಗ್ಯಾವ. ಅಂಬಿಗ ಊರಾಗಿಲ್ಲ. ನಡದು ಹೊಳಿ ದಾಟಬಹುದೇನ್ರಿ ಅಜ್ಜಾರ?"

"ನನ್ನ ಕೇಳಬ್ಯಾಡವ್ವ. ಹೊಳಿ ಅಳದಾಂವ ಇಂವ" ಎಂದು ಅವರು ಶಿಷ್ಯನತ್ತ ಕೈ ತೋರಿದರು.

ಶಂಭುಲಿಂಗನಿಗೆ ಎಲ್ಲಿಲ್ಲದ ಹುರುಪು ಬಂತು. ಮೊದಲ ಹಾಳೆ ಎತ್ತಿಕೊಂಡ. "ಈ ಹೊಳಿ ಹುಟ್ಟೋದು..."

"ಯಪ್ಪಾ, ಕೂಸು ಕಾಯಂಗಿಲ್ಲ! ದಾಟಲ್ಯೋ, ಬ್ಯಾಡೋ?"

ಹಾಳೆ ಕೈಯಿಂದ ಜಾರಿತು. ಬಸುರಿ, ಕೂಸು, ಈ ಮುದುಕಿ, ಮೂರು ಜೀವ ಅವನ ಮಾತಿನ ಮೇಲೆ ನಿಂತಿದ್ದವು.

"ದಾಟ್ರಿ. ಇಲ್ಲಿ ಬ್ಯಾಡ, ಕರಿಕಲ್ಲಿನ ಮ್ಯಾಲಿನ ಕಡೆ. ಅಲ್ಲಿ ಮೊಣಕಾಲಮಟ ನೀರು."

"ಖರೇನ?"

"ಏಳು ವರ್ಷ ಅಳದೀನವ್ವ. ಆದ್ರ ಮ್ಯಾಲ ಮಳಿ ಆದ್ರ ಇಲ್ಲಿ ಎಷ್ಟೊತ್ತಿಗೆ ನೀರು ಏರ್ತೈತಿ, ಅದು ನನಗಿನ್ನೂ ತಿಳಿದಿಲ್ಲ. ನೀರು ಕೆಂಪಾದ್ರ ತಿರುಗಿ ಬಂದುಬಿಡ್ರಿ."

ಹೊನ್ನವ್ವ ಕರಿಕಲ್ಲಿನ ಕಡೆ ಓಡಿ, ಸೀರೆ ಮೇಲೆ ಕಟ್ಟಿ ನೀರಿಗಿಳಿದೇಬಿಟ್ಟಳು. ಶಂಭುಲಿಂಗ ಅವಳ ಬೆನ್ನಿಗೇ ಇಳಿದ. ನೀರು ಮೊಣಕಾಲು ಮುಟ್ಟಿತು, ಅದಕ್ಕಿಂತ ಮೇಲೇರಲಿಲ್ಲ. ಆಕೆ ಆಚೆ ದಡ ಹತ್ತಿ, ಹಿಂದಿರುಗಿಯೂ ನೋಡದೆ ಓಡಿದಳು.

ಅವನು ಹೊಳೆಯ ನಡುವೆಯೇ ಕುಣಿದಾಡಿದ. ತೊಯ್ದ ಬಟ್ಟೆಯಲ್ಲೇ ಓಡಿ ಬಂದ.

"ಮೊಣಕಾಲಮಟಾನ ಬಂತ್ರಿ ಅಜ್ಜಾರ! ನಾ ಹೇಳಿದಷ್ಟ ಬಂತು!"

ಗುರುಗಳು ಅರವತ್ತು ಹಾಳೆಗಳನ್ನೂ ಅವನ ಕೈಗಿಟ್ಟರು. ಅವನು ಅವನ್ನು ತಾನೇ ಪಕ್ಕಕ್ಕೆ ಸರಿಸಿ, ಹೊಸ ಹಾಳೆ ಹರವಿ ಕೂತ.

"ನಾಳೆ ಸಭಾಕ್ಕ ಹೊಸದಾಗಿ ಬರೀತೀನ್ರಿ. ಎಲ್ಲಿಂದ ಶುರು ಮಾಡ್ಲಿ?"

"ನಿನ್ನ ಯಾವ ಮಾತಿಗೆ ಆಕಿ ನೀರಿಗಿಳಿದ್ಲೋ, ಅಲ್ಲಿಂದ."