ಅಮೋಗಿ ವಕೀಲ ಕೋಟು ಬಿಚ್ಚಿದ ದಿನ

ಭಾಳ ಹಿಂದಿನ ಮಾತು, ಕೇಳ್ರಿ. ನಮ್ಮಜ್ಜಗ ಇನ್ನೂ ಮೀಸಿ ಮೂಡದ ಕಾಲ. ಹೊಳಿ ದಂಡಿ ಮ್ಯಾಲಿನ ಒಂದೂರಾಗ ಅಮೋಗಿ ಅಂತ ಒಬ್ಬ ಪೈಲ್ವಾನ ಇದ್ದ. ಕುಸ್ತೀನ ಅವನ ಹೊಟ್ಟಿಪಾಡು. ಊರೂರ ಕಣಕ್ಕ ಹೋಗ್ತಿದ್ದ, ಹಿಡೀತಿದ್ದ, ಗೆದ್ದು ಬರ್ತಿದ್ದ. ಅವ ತೊಡಿ ತಟ್ಟಿದರ ಹೊಳಿ ಆಚಿ ದಂಡ್ಯಾಗ ಎತ್ತು ಬೆದರಿ ಹಗ್ಗ ಹರಕೊಳ್ತಿದ್ದವು ಅಂತಾರ. ನಾ ಕಂಡಿಲ್ಲ, ಕಂಡವರು ಹೇಳ್ಯಾರ.

ಅವನಿಗಿ ಸರಿಸಮ ನಿಲ್ಲಾವ ಒಬ್ಬನ ಇದ್ದ, ಆಚಿ ದಂಡಿ ಲಾಡ್ಲೇಸಾಬ. ಇಬ್ಬರೂ ಕಡೀ ಸಲ ಹಿಡದಾಗ ಏರಿದ ಹೊತ್ತು ಇಳೀತು, ಯಾರೂ ಬೀಳಲಿಲ್ಲ. ಕಡೀಕ ಅಮೋಗಿ ಎತ್ತಿ ಒಗದ. ಒಗಿಯೂಮುಂದ ಲಾಡ್ಲೇಸಾಬನ ಬಲಭುಜದಾಗ ಲಟಕ್ ಅಂದದ್ದು ಅಮೋಗಿ ಕಿವಿಗಿ ಬಿತ್ತು. ಹಲಗಿ ಬಡಿಯೂ ಸಪ್ಪಳದಾಗ ಮತ್ಯಾರಿಗೂ ಕೇಳಲಿಲ್ಲ. ಲಾಡ್ಲೇಸಾಬ ನಕ್ಕೋತ ಎದ್ದ, ಎಡಗೈಲೆ ಅಮೋಗಿ ಬೆನ್ನು ಚಪ್ಪರಿಸಿದ, ಹೊಳಿ ದಾಟಿ ಹೋದ. ಭುಜ ಮುರದದ ಅಂತ ಹೆಂಡತಿಗೂ ಹೇಳಲಿಲ್ಲಂತ. ಪೈಲ್ವಾನಗ ಸಾವು ಬಂದರ ಬರಲಿ, ಮಂದಿ ಕಡಿಂದ ಅಯ್ಯೋ ಪಾಪ ಅನ್ನಿಸಿಕೊಳ್ಳೂದು ಬ್ಯಾಡ.

ಆವತ್ತಿನಿಂದ ಅಮೋಗಿ ಕಣಕ್ಕ ಇಳೀಲಿಲ್ಲ. ಆ ಲಟಕ್ ಅನ್ನೂದು ಕಿವ್ಯಾಗ ಕುಂತಬಿಟ್ಟಿತ್ತು. ಗರಡಿಮನಿ ಕೆಮ್ಮಣ್ಣಿನಾಗ ಬೆರಳಿಲೆ ಅಕ್ಷರ ತಿದ್ದಿದ. ಶಹರಕ್ಕ ಹೋಗಿ ಅವರಿವರ ಮನಿ ಕಟ್ಟಿಗಿ ಒಡಕೋತ ಕಾಯಿದೆ ಓದಿದ. ವಕೀಲ ಆಗಿ ಬಂದ. ಅವನ ಅಳತಿಗಿ ಕರೀಕೋಟು ಸಿಗಲಾರದ ಎರಡು ಕೋಟು ಕೂಡಿಸಿ ಹೊಲಿಸಿದ್ರು ಅಂತಾರ. ಕೋರ್ಟಿನಾಗ ಅವ ಎದ್ದು ನಿಂತರ ಸುಳ್ಳ ಸಾಕ್ಷಿ ಹೇಳಾವರ ನಾಲಿಗಿ ಒಣಗತಿತ್ತು ಅಂತಾರ.

ಹಿಂಗಿರೂಮುಂದ ದೇಸಾಯರ ವಾಡೇದ ಲೆಕ್ಕಪತ್ರ ನೋಡೂ ಕಾರಭಾರಿ ಒಂದು ಮುಂಜಾನಿ ಗೋಡಿ ಹೊರಗ ಸತ್ತು ಬಿದ್ದಿದ್ದ. ಒಳಗಿಂದ ಯಾರೋ ಎತ್ತಿ ಗೋಡಿ ದಾಟಿಸಿ ಒಗದಾರ ಅಂದ್ರು. ಅಂಥಾ ರಟ್ಟಿ ಯಾರಿಗದ? ಹಿಂದಿನ ದಿನ ಅವನ ಜೋಡಿ ಜಗಳಾಡಿದ್ದ ಲಾಡ್ಲೇಸಾಬಗ. ಹಿಡಕೊಂಡು ಹೋದ್ರು. ಫಾಶಿ ತಪ್ಪಿದ್ದಲ್ಲ ಅಂತ ಎರಡೂ ದಂಡಿ ಮಾತಾಡಿತು.

ಅವನ ವಕಾಲತ್ತು ನಾನ ಹಿಡೀತೀನಿ ಅಂತ ಅಮೋಗಿ ಜೇಲಿಗಿ ಓಡಿದ. "ಭುಜದ ಮಾತು ಹೇಳಿಬಿಡು ಲಾಡ್ಲೇ. ಡಾಕ್ಟರು ನೋಡಲಿ, ಜೀವ ಉಳೀತದ."

"ಹುಲಿ ಅನ್ನಿಸ್ಕೊಂಡೀನಿ, ಹುಲಿ ಆಗೇ ಸಾಯ್ತೀನಿ. ನೀನೂ ಬಾಯಿ ಬಿಡೂದಿಲ್ಲಂತ ಕಣದ ಮಣ್ಣಿನಾಣಿ ಮಾಡು," ಅಂದ ಲಾಡ್ಲೇಸಾಬ.

ಅಮೋಗಿ ಆಣಿ ಮಾಡಿದ. ಮಾಡಿ, ಜೇಲಿನ ಬಾಗಲಾಗ ಕುಂತು ಅತ್ತನಂತ.

ವಿಚಾರಣಿ ದಿನ ಬಂತು. ನಿಮ್ಮ ವಾದ ಏನಂತ ಜಡ್ಜಸಾಹೇಬ್ರು ಕೇಳಿದ್ರು, ಆಣಿ ಮಾಡಿದ್ದ ವಕೀಲ ಬಾಯಿ ತೆರೀಲಿಲ್ಲ. ಕೋಟು ಬಿಚ್ಚಿದ. ಅಂಗಿ ಬಿಚ್ಚಿದ. ಕಟಕಟಿ ಎದುರು ಹೋಗಿ ನಿಂತು ತೊಡಿ ತಟ್ಟಿದ. ಛಾವಣಿ ಹಂಚು ನಡುಗಿದವು ಅಂತಾರ, ಸಾಹೇಬ್ರು ಕುರ್ಚಿ ಬಿಟ್ಟು ಎದ್ರು ಅಂತಾರ. ಆ ಸಪ್ಪಳ ಕೇಳಿ ಪೈಲ್ವಾನನ ರಕ್ತ ಸುಮ್ಮನ ಇರತದೇನು? ಲಾಡ್ಲೇಸಾಬ ಪೊಲೀಸರನ್ನ ಸರಿಸಿ ಕಟಕಟಿ ದಾಟಿ ಬಂದ, ಕುಸ್ತಿಗಿ ಕೈ ಹೂಡಾಕ ಹೋದ. ಎಡಗೈ ಎದ್ದಿತು. ಬಲಗೈ ಎದಿ ಮಟ್ಟಕ್ಕೂ ಬರಲಾರದ ನಡುಗಿ ಜೋತುಬಿತ್ತು. ಮತ್ತ ಎತ್ತಿದ. ಮತ್ತ ಜೋತುಬಿತ್ತು.

ಅಮೋಗಿ ಎಲ್ಲಾರ ಮುಂದ ಅವನ ಕಾಲಿಗಿ ಬಿದ್ದ. "ಈ ಕೈ ಮುರದಾವ ನಾನ ರೀ ಸಾಹೇಬ್ರ," ಅಂದ. ಲಾಡ್ಲೇಸಾಬ ಎಡಗೈಲೆ ಅವನ ಕಪಾಳಕ್ಕ ಒಂದು ಬಿಗದ. ಆಮ್ಯಾಲ ಅದ ಕೈಲೆ ಹಿಡದು ಎಬ್ಬಿಸಿ ಅಪ್ಪಿಕೊಂಡ.

ಡಾಕ್ಟರು ನೋಡಿ ಹೌದಂದ್ರು, ಬಿಡುಗಡಿ ಆತು. ಕಾರಭಾರಿ ಕುಡದು ಮಾಳಿಗಿ ಮ್ಯಾಲಿಂದ ತಾನ ಬಿದ್ದಿದ್ದ ಅಂತ ಮುಂದ ವಾಡೇದ ಆಳು ಒಪ್ಪಿಕೊಂಡ.

ಇಬ್ಬರೂ ಹೋಗಿ ಯಾವ ಕಾಲಾತೋ. ಆದರ ಇವತ್ತಿಗೂ ನಮ್ಮ ಕಡೆ ಕುಸ್ತಿ ಮುಗದ ಕೂಡಲೇ ಗೆದ್ದಾವ ತನ್ನ ಕೈ ಎತ್ತೂದಿಲ್ಲ. ಸೋತಾವನ ಬಲಗೈ ಹಿಡದು ಮೆಲ್ಲಕ ಮ್ಯಾಲ ಎತ್ತಿ ನೋಡ್ತಾನ. ಅದು ಪೂರಾ ಏಳೂತನಕ ಒಬ್ಬರೂ ಚಪ್ಪಾಳಿ ತಟ್ಟೂದಿಲ್ಲ.