ತೋಳಿನ ಒಳಮೂಲೆ

ಜುಲೈ ಹದಿನಾಲ್ಕು, ಮಂಗಳವಾರ. ಮೋಡ ಕವಿದಿತ್ತು, ಮಳೆ ಇರಲಿಲ್ಲ.

ಅಡಿವೆಪ್ಪ ಮಾಸ್ತರರು ಕಾಲೇಜಿನ ಕೆಲಸ ಬಿಟ್ಟ ಮೇಲೆ ಹೊಳೆದಂಡೆಯ ಸಣ್ಣ ಮನೆಯಲ್ಲಿದ್ದರು. ಬಂದವರಿಗೆ ಒಂದೇ ವಿದ್ಯೆ ಕಲಿಸುತ್ತಿದ್ದರು. ವಸ್ತುವನ್ನು ಸಣ್ಣ ಸಣ್ಣ ತುಂಡುಗಳೆಂದು ಭಾವಿಸುವುದು. ಒಂದೊಂದು ತುಂಡಿನ ಲೆಕ್ಕ ಹಾಕಿ ಎಲ್ಲವನ್ನೂ ಕೂಡಿಸುವುದು. ಭಾರ ಬಿದ್ದಾಗ ಅದು ತಡೆಯುತ್ತದೆಯೋ ಮುರಿಯುತ್ತದೆಯೋ ಎಂದು ಮೊದಲೇ ತಿಳಿಯುವುದು.

ನಕ್ಷೆ ಹಿಡಿದು ಬಂದ ಶಿಷ್ಯ ಸಂಗಯ್ಯ ಹೊಸ್ತಿಲ ಬಳಿ ಕಬ್ಬಿಣಕ್ಕೆ ಎಡವಿದ. ಬಾಗಿಲು ಗಾಳಿಗೆ ಬಡಿಯದಿರಲೆಂದು ಒರಗಿಸಿಟ್ಟ ಹಳೆಯ ಕಬ್ಬಿಣ.

ಅಡಿಗೆಯ ಯಂಕವ್ವ ಒಳಗಿನಿಂದಲೇ ಕೂಗಿದಳು. “ಮತ್ತ ಎಡವಿದೇನಪಾ? ಇಷ್ಟ ಓದಿದ್ರೂ ನೆಲ ಕಾಣೂದಿಲ್ಲ ನಿನಗ.”

“ನೀವು ಒಮ್ಮೆನೂ ಎಡವಿಲ್ಲ ನೋಡ್ರಿ ಯಂಕವ್ವಾ.”

“ನಾ ಆ ಬಾಗಿಲಿಗೆ ಬರೂದ ಇಲ್ಲ. ನಂದು ಹಿತ್ತಲ ಬಾಗಿಲ.”

ಸಂಗಯ್ಯ ಅವಳು ಕೊಟ್ಟ ಬಿಸಿ ರೊಟ್ಟಿ ತಿಂದ. ಕೈ ತೊಳೆದು ನಕ್ಷೆ ಬಿಡಿಸಿದ.

ಊರಿಗೆ ನೀರೆತ್ತುವ ದೊಡ್ಡ ಬಾವಿಯಲ್ಲಿ ಹೂಳು ತುಂಬಿತ್ತು. ಹೂಳು ತೆಗೆಯುವವರನ್ನು ಹಗ್ಗಕ್ಕೆ ಕಟ್ಟಿದ ತೊಟ್ಟಿಲಿನಲ್ಲಿ ಇಳಿಸಬೇಕು. ಆ ತೊಟ್ಟಿಲು ಹೊರಲು ಕಬ್ಬಿಣದ ತೋಳು: ಒಂದು ಕಂಬ, ಅದರ ತುದಿಗೆ ಬಾವಿಯ ಮೇಲೆ ಚಾಚಿದ ಒಂದು ಅಡ್ಡ ಸರಳು.

“ತೋಳು ತಯಾರಾಗೇದ ಸರ್. ನಾಳೆ ತೊಟ್ಟಿಲು ಕಟ್ಟತಾರ. ನೀವು ಹೂಂ ಅಂದ್ರ ಸಾಕು.”

ಕಂಬ, ಅಡ್ಡ ಎರಡೂ ಕೂಡುವ ಒಳಮೂಲೆಯ ಮೇಲೆ ಮಾಸ್ತರರು ಬೆರಳಿಟ್ಟರು.

“ಇಲ್ಲಿ?”

“ತಡೀತದ ಸರ್.”

“ತುಂಡು ಸಣ್ಣ ಮಾಡಿ ನೋಡಿದಿ?”

ಸಂಗಯ್ಯ ತಡವರಿಸಿದ. “ನೋಡಿದೆ. ಒತ್ತಡ ಏರಿತು.”

“ಇನ್ನೂ ಸಣ್ಣ?”

“ಇನ್ನೂ ಏರಿತು. ಕಬ್ಬಿಣ ತಡೆಯೋ ಮಿತಿ ದಾಟಿತು. ಎಷ್ಟು ಸಣ್ಣ ಮಾಡಿದ್ರೂ ಏರೋದು ನಿಲ್ಲಲೇ ಇಲ್ಲ. ಉಳಿದ ಕಡೆ ಎಲ್ಲಾ ಲೆಕ್ಕ ಒಂದು ಉತ್ತರಕ್ಕ ನಿಂತದ. ಅಲ್ಲಿ ಲೆಕ್ಕದ್ದ ಏನೋ ದೋಷ ಅಂದುಕೊಂಡು ಮೊದಲಿನ ದೊಡ್ಡ ತುಂಡಿಗೇ ನಿಲ್ಲಿಸಿದೆ.”

“ಅಲ್ಲೇ ಯಾಕ?”

“ಉತ್ತರ ಮಿತಿಯೊಳಗಿತ್ತು.”

“ಉತ್ತರ ಇನ್ನೂ ನಡೀತಿತ್ತು. ಕೂತವ ನೀನು.”

ಮಾಸ್ತರರು ಪೆನ್ಸಿಲ್ ತೆಗೆದುಕೊಂಡು ಚೂಪಾದ ಒಳಮೂಲೆಗೆ ಒಂದು ಸಣ್ಣ ಬಾಗು ಬರೆದರು.

“ಹಿಂಗ ದುಂಡು ಮಾಡು. ಲೆಕ್ಕ ತಾನೇ ನಿಲ್ಲತದ.”

“ಹಂಗಂದ್ರ ತೋಳನ್ನ ಹೊಸದಾಗಿ ಮಾಡಬೇಕು ಸರ್. ಊರಾಗ ನಳದಾಗ ನೀರಿಲ್ಲ. ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ.”

ಮಾಸ್ತರರು ಪೆನ್ಸಿಲ್ ಕೆಳಗಿಟ್ಟರು.

ಸಂಗಯ್ಯ ದನಿ ಗಟ್ಟಿ ಮಾಡಿಕೊಂಡ. “ನಿಮ್ಮ ಶಿಷ್ಯರ ಪದ್ಧತಿ ನಾ ಮರೆತಿಲ್ಲ. ಲೆಕ್ಕ ಹಾಕಿದವನೇ ಮೊದಲು ಕೂರಬೇಕು. ನಾಳೆ ತೊಟ್ಟಿಲಿನಾಗ ಮೊದಲು ನಾನೇ ಇಳಿತೀನಿ. ಮುರಿದ್ರ ನನ್ನ ಜೀವ.”

ಮಾಸ್ತರರು ಹೊಸ್ತಿಲ ಕಡೆ ಕೈ ತೋರಿಸಿದರು.

“ಆ ಬಾಗಿಲ ಕಬ್ಬಿಣ ತಾ.”

ಸಂಗಯ್ಯ ಎರಡೂ ಕೈಯಲ್ಲಿ ಎತ್ತಿ ತಂದ. ದಿನವೂ ಎಡವುತ್ತಿದ್ದ ಅದನ್ನು ಅಂದೇ ಮೊದಲು ಸರಿಯಾಗಿ ನೋಡಿದ್ದು. ಅಂಥದೇ ತೋಳೊಂದರ ಕಂಬದ ಮೇಲ್ತುಂಡು. ಅಡ್ಡ ಇರಲಿಲ್ಲ. ಒಳಮೂಲೆಯಿಂದಲೇ ಮುರಿದಿತ್ತು.

“ಯಾರದು ಸರ್ ಇದು?”

“ವೀರಭದ್ರಂದು. ನಿನಗಿಂತ ಮೊದಲು ಇಲ್ಲಿ ಕಲಿತವ. ಅವನೂ ಒಪ್ಪೋ ಉತ್ತರ ಸಿಕ್ಕಲ್ಲಿ ನಿಲ್ಲಿಸಿದ. ನನಗ ತೋರಸಲಿಲ್ಲ.”

“ಮೊದಲು ಅವನೇ ಕೂತನೇನ್ರಿ?”

“ಕೂತ.”

“ಮುರೀತಾ?”

“ಇಲ್ಲ. ಇಳಿದ, ಮೇಲೆ ಬಂದ, ಊರವರ ಕಡಿಂದ ಹಾರ ಹಾಕಿಸಿಕೊಂಡ.”

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು. ಹಿತ್ತಲ ಬಾಗಿಲು ತೆರೆದು ಮುಚ್ಚಿತು.

“ಮತ್ತ ಯಾವಾಗ ಮುರೀತು ಸರ್?”

“ತೊಟ್ಟಿಲು ಇಳಿದಂಗ ಇಳಿದಂಗ ಮೂಲೆಯೊಳಗ ಬಿರುಕು ಬೆಳೀತು. ಮೂರನೇ ಮಳೆಗಾಲಕ್ಕ ಮುರೀತು.”

ಕಬ್ಬಿಣ ಸಂಗಯ್ಯನ ಕೈಯಲ್ಲಿ ಭಾರವಾಯಿತು. ಕೆಳಗಿಡಲು ಅವನಿಗೆ ತೋಚಲಿಲ್ಲ.

“ಅವತ್ತು ತೊಟ್ಟಿಲಿನಾಗ ಯಾರಿದ್ರು?”

ಮಾಸ್ತರರು ದನಿ ತಗ್ಗಿಸಿದರು.

“ಯಂಕವ್ವನ ಗಂಡ.”