ಎರಡು ಹಗ್ಗದ ಬಲೆ

ಶಿಷ್ಯ ಕೇಳಿದ: "ಗುರುಗಳೇ, ಗೆದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಗೆಲುವನ್ನು ಉಳಿಸಿಕೊಂಡವರು ಮಾತ್ರ ಅಪರೂಪ. ಒಬ್ಬನಿಗಾಗಲಿ, ಅವನ ಕೂಟಕ್ಕಾಗಲಿ, ಗೆಲುವು ಕೈಬಿಡದೆ ನಿಲ್ಲಬೇಕಾದರೆ ಮನುಷ್ಯನಲ್ಲಿ ಯಾವ ಗುಣ ಇರಬೇಕು?"

ಗುರು ಹೇಳಿದರು: "ಕಡಲ ತೀರದ ಒಂದು ಊರಿನ ಕತೆ ಇದೆ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ಕತೆಗಳಲ್ಲಿ ಸುಳ್ಳು ಇರುವುದೇ ಇಲ್ಲ, ನಿಜ ಸ್ವಲ್ಪ ಉಬ್ಬಿಕೊಂಡಿರುತ್ತದೆ ಅಷ್ಟೆ. ಕೇಳು."

ಆ ಊರಿಗೆಲ್ಲ ಒಂದೇ ಬಲೆ. ದೋಣಿಯವರು ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಿದ್ದರು. ಬಲೆಯ ಎರಡು ತುದಿಗೆ ಎರಡು ಉದ್ದನೆಯ ಹಗ್ಗ. ಬಡಗು ದಿಕ್ಕಿನ ಹಗ್ಗಕ್ಕೆ ನಲವತ್ತು ಜನ, ತೆಂಕು ದಿಕ್ಕಿನ ಹಗ್ಗಕ್ಕೆ ನಲವತ್ತು ಜನ. ಗಂಡಸರು, ಹೆಂಗಸರು, ಮುದುಕಿಯರು, ಕೈ ಮುಚ್ಚಲು ಬರುವವರೆಲ್ಲ ದಡದಲ್ಲಿ ನಿಂತು ಎಳೆಯಬೇಕು. ನಡುವೆ ನಿಂತು ಎರಡೂ ಕಡೆಗೆ ಕೂಗಿ ಹೇಳುವವನು ತಾಂಡೇಲ. ಬಲೆಗೂ ದೋಣಿಗೂ ಅವನೇ ಯಜಮಾನ.

ಬಡಗು ಹಗ್ಗದಲ್ಲಿ ಒಬ್ಬ ಬಲಶಾಲಿ ಇದ್ದ. ಏಳು ಜನರ ಬಲ ಅವನೊಬ್ಬನಿಗೆ. ಅವನು ಆಕಳಿಸಿದರೆ ದಡದಲ್ಲಿ ಒಣಗಲು ಹಾಕಿದ ಮೀನು ಎದ್ದು ಕೂರುತ್ತಿತ್ತು. ಒಮ್ಮೆ ಲಂಗರಿನ ಹಗ್ಗ ಎಂದುಕೊಂಡು ಯಾವುದನ್ನೋ ಎಳೆದ. ನಡುಗಡ್ಡೆಯೊಂದು ಹತ್ತು ಮಾರು ಈಚೆಗೆ ಬಂತು. ಆಮೇಲೆ ತಾನೇ ಈಜಿ ಹೋಗಿ ಅದನ್ನು ಹಿಂದಕ್ಕೆ ತಳ್ಳಿ ಬಂದ. ಇದನ್ನೆಲ್ಲ ಕಂಡವರು ಯಾರೂ ಇಲ್ಲ. ಅವನೇ ಹೇಳಿದ್ದು, ಅವನು ಹೇಳಿದ ಮೇಲೆ ಮುಗಿಯಿತಲ್ಲ.

ಅವನ ಹಗ್ಗ ಯಾವಾಗಲೂ ಮೊದಲು ದಡ ಮುಟ್ಟುತ್ತಿತ್ತು. ಅವನಿಗೆ ಅದೇ ಗೆಲುವು. ತಾಂಡೇಲ "ನಿಧಾನ, ನಿಧಾನ" ಎಂದು ಕೂಗುತ್ತಿದ್ದ. ಅದು ಬೇರೆ ಯಾರಿಗೋ ಹೇಳಿದ್ದು ಎಂದು ಬಲಶಾಲಿ ಇನ್ನಷ್ಟು ಎಳೆಯುತ್ತಿದ್ದ.

ಒಂದು ತುದಿ ಮುಂದೆ ಬಂದು ಇನ್ನೊಂದು ಹಿಂದೆ ಉಳಿದರೆ ಬಲೆ ಓರೆಯಾಗುತ್ತದೆ. ಓರೆಯಾದ ಬಲೆಯೆಂದರೆ ಮೀನಿಗೆ ತೆರೆದ ಬಾಗಿಲು. ಹಿಂದಿನ ವರ್ಷಗಳಲ್ಲಿ ಓರೆ ಸ್ವಲ್ಪವೇ ಇದ್ದು ಮೀನು ಅಷ್ಟಿಷ್ಟು ಉಳಿಯುತ್ತಿತ್ತು, ಆ ವರ್ಷದ ಮೊದಲ ಬಲೆ ಪೂರ್ತಿ ಓರೆಯಾಗಿಯೇ ಬಂತು. ಒಳಗೆ ಎರಡು ಏಡಿ, ಒಂದು ಹಳೆಯ ಚಪ್ಪಲಿ.

"ತೆಂಕಿನವರು ಸೋಮಾರಿಗಳು. ನಾಳೆ ನಾನು ಆ ಹಗ್ಗಕ್ಕೆ ಬರುತ್ತೇನೆ" ಎಂದ ಬಲಶಾಲಿ.

ಮರುದಿನ ತೆಂಕು ಹಗ್ಗ ಹಿಡಿದ. ತೆಂಕಿನ ಹಗ್ಗ ಓಡಿ ಬಂತು, ಬಡಗಿನದು ಹಿಂದೆ ಉಳಿಯಿತು. ಬಲೆ ಆಚೆಯಿಂದ ಓರೆಯಾಯಿತು. ಈ ಸಲ ಏಡಿಯೂ ಇಲ್ಲ. ಬಲಶಾಲಿ ಸೊಂಟದ ಮೇಲೆ ಕೈ ಇಟ್ಟು ಬಹಳ ಹೊತ್ತು ಯೋಚಿಸಿದ. ಕೊನೆಗೆ, "ಈಗ ಗೊತ್ತಾಯಿತು. ಎರಡೂ ಕಡೆಯವರು ಸೋಮಾರಿಗಳು" ಎಂದ.

ಆ ತೀರದಲ್ಲಿ ಒಂದು ಕಟ್ಟಳೆ ಇತ್ತು. ಸಾಲಾಗಿ ಮೂರು ಸಲ ಬಲೆ ಬರಿದಾಗಿ ಬಂದರೆ ಆ ಊರು ತನ್ನ ದಡವನ್ನು ಪಕ್ಕದ ಊರಿಗೆ ಬಿಟ್ಟುಕೊಡಬೇಕು. ಎರಡು ಸಲ ಆಗಿತ್ತು. ಮೂರನೆಯ ದಿನ ಬೆಳಗ್ಗೆ ಪಕ್ಕದ ಊರಿನವರು ತಮ್ಮ ಬಲೆ, ಹಗ್ಗ, ಗಂಜಿಯ ಮಡಕೆ ಎಲ್ಲ ಹೊತ್ತು ತಂದು ಗಡಿಯಲ್ಲಿ ಕೂತರು. ಒಲೆ ಹೂಡಲು ಕಲ್ಲನ್ನೂ ಆರಿಸಿಟ್ಟಿದ್ದರು.

ದೋಣಿ ಬಲೆ ಬಿಟ್ಟು ಬಂತು. ಬಲಶಾಲಿ ತೋಳು ತಟ್ಟಿಕೊಂಡು ಬಡಗು ಹಗ್ಗದ ಕಡೆಗೆ ನಡೆದ. ತಾಂಡೇಲ ಅವನನ್ನು ತಡೆದ.

"ನನ್ನ ಗಂಟಲು ಬಿದ್ದುಹೋಗಿದೆ. ಇವತ್ತು ನನ್ನ ಜಾಗದಲ್ಲಿ ನೀನು ನಿಲ್ಲು."

"ನಾನು ಅಲ್ಲಿ ನಿಂತರೆ ಎಳೆಯುವವರು ಯಾರು?"

"ನೀನು ಹುಟ್ಟುವ ಮೊದಲೂ ಈ ಕಡಲಲ್ಲಿ ಮೀನು ಹಿಡಿಯುತ್ತಿದ್ದರು ಮಾರಾಯ. ಹೋಗು."

ಬಲಶಾಲಿ ಗೊಣಗಿಕೊಂಡು ಎರಡು ಹಗ್ಗದ ನಡುವೆ ಕವುಚಿ ಹಾಕಿದ ದೋಣಿಯ ಮೇಲೆ ಹತ್ತಿದ. ಅಷ್ಟು ವರ್ಷ ಹಗ್ಗ ಹಿಡಿದವನು ತನ್ನ ಮುಂದಿನವನ ಬೆನ್ನು ಬಿಟ್ಟು ಬೇರೇನೂ ಕಂಡಿರಲಿಲ್ಲ. ಅವತ್ತು ಎರಡೂ ಹಗ್ಗ ಕಂಡವು. ಬಡಗಿನವರು ಅವನಿಂದಲೇ ಕಲಿತವರು. ಅವನ ಹಾಗೆಯೇ ಹಲ್ಲು ಕಚ್ಚಿ, ಅವನ ಹಾಗೆಯೇ ಹೂಂಕರಿಸಿ ಎಳೆಯುತ್ತಿದ್ದರು. ತೆಂಕಿನವರು ಹಿಂದೆ ಬಿದ್ದಿದ್ದರು. ಅವರಲ್ಲಿ ಸೋಮಾರಿಗಳನ್ನು ಹುಡುಕಿದ, ಒಬ್ಬರೂ ಸಿಗಲಿಲ್ಲ. ಎಲ್ಲರಿಗಿಂತ ಕೊನೆಯಲ್ಲಿ ಒಬ್ಬ ಮುದುಕಿ. ಅಂಗೈ ಸುಲಿದುಹೋಗಿತ್ತು. ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಎಳೆಯುತ್ತಿದ್ದಳು.

ದೂರದಲ್ಲಿ ಬಲೆ ಮೆಲ್ಲಗೆ ಓರೆಯಾಗತೊಡಗಿತು.

"ನಿಧಾನ" ಎಂದು ಬಲಶಾಲಿ ಬಡಗಿಗೆ ಕೂಗಿದ. ಅವರು ಅವನತ್ತ ನೋಡಿ ನಕ್ಕು ಇನ್ನಷ್ಟು ಜೋರಾಗಿ ಎಳೆದರು. ಅದು ಬೇರೆ ಯಾರಿಗೋ ಹೇಳಿದ್ದು ಎಂದು ಅವರ ಎಣಿಕೆ.

ನಡುಗಡ್ಡೆ ಎಳೆದವನಿಗೆ ಆ ದೋಣಿಯಿಂದ ಕೆಳಗೆ ಇಳಿಯುವುದು ಕಷ್ಟವಾಯಿತು. ಕೆಳಗೆ ಇಳಿದರೆ ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಪಕ್ಕದ ಊರಿನವರೆಲ್ಲ ಕೂತು ನೋಡುತ್ತಿದ್ದರು. ಆದರೂ ಇಳಿದ. ಬಡಗು ಹಗ್ಗದ ಎದುರಿಗೆ ನಿಂತು ಎರಡೂ ಕಡೆಗೆ ಕೇಳುವಂತೆ ಹೇಳಿದ:

"ಎರಡು ಸಲ ಬಲೆ ಬರಿದಾದದ್ದು ಯಾರ ಸೋಮಾರಿತನದಿಂದಲೂ ಅಲ್ಲ. ನನ್ನ ಅವಸರದಿಂದ. ನನ್ನ ಹಾಗೆ ಎಳೆಯಬೇಡಿ. ಹಗ್ಗ ಬಿಗಿ ಹಿಡಿದು ಸುಮ್ಮನೆ ನಿಲ್ಲಿ."

ಪಕ್ಕದ ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಲಶಾಲಿ ಕೇಳಿಸಿಕೊಂಡ. ತಿರುಗಿ ನೋಡಲಿಲ್ಲ. ತೆಂಕಿನ ಕಡೆಗೆ ಓಡಿ ಮುದುಕಿಯ ಹತ್ತಿರ ನಿಂತ.

"ಅಜ್ಜೀ, ನೀನು ಕೂಗು. ನಿನ್ನ ಒಂದು ಎಳೆತ ಎಷ್ಟೋ ಅಷ್ಟೇ ಇವತ್ತು ಎರಡೂ ಹಗ್ಗದ ಎಳೆತ."

"ಹಾಗಾದರೆ ಇವತ್ತು ನಾನೇ ತಾಂಡೇಲ ಅನ್ನು. ಮೊದಲೇ ಹೇಳಿದ್ದರೆ ಒಳ್ಳೆಯ ಸೀರೆ ಉಟ್ಟು ಬರುತ್ತಿದ್ದೆ" ಎಂದಳು ಮುದುಕಿ. ಆಮೇಲೆ "ಹೋ" ಎಂದು ಕೂಗಿದಳು.

ತೆಂಕಿನವರು ಎಳೆದರು. ಬಡಗಿನವರು ಕಾದರು. ಎರಡು ತುದಿ ಸಮವಾದ ಮೇಲೆ ಒಂದೊಂದು "ಹೋ"ಗೆ ಎಂಬತ್ತು ಜನರೂ ಒಂದೊಂದು ಮೊಳ ಎಳೆದರು. ಬಲಶಾಲಿ ಬಡಗು ಹಗ್ಗದ ಬಾಲ ಹಿಡಿದ. ಮುದುಕಿ ಕೂಗಿದಾಗ ಎಳೆದ, ಅವಳು ಉಸಿರು ತೆಗೆದುಕೊಂಡಾಗ ನಿಂತ. ಬಲೆಗೆ ಬಂಗುಡೆ ಮೀನಿನ ಹಿಂಡು ಬಂದು ಬಡಿಯಿತು. ಹಗ್ಗ ಕೈಯಲ್ಲಿ ಅದುರಿತು. ಈಗ ಒಮ್ಮೆ ಜಗ್ಗಿಬಿಡು ಎಂದು ಅವನ ಏಳು ಜನರ ಬಲವೂ ಒಟ್ಟಿಗೆ ಕೂಗಿಕೊಂಡಿತು. ಅವನು ಹಿಮ್ಮಡಿ ಮರಳಿನಲ್ಲಿ ಊರಿ ಮುದುಕಿಯ ದನಿಗೆ ಕಾದ. ಜನ್ಮದಲ್ಲಿ ಅಷ್ಟು ಬೆವರು ಅವನಿಗೆ ಬಂದಿರಲಿಲ್ಲ. ಅವತ್ತು ಕಡಲಿಗೆ ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದು ಈಗಲೂ ಹೇಳುತ್ತಾರೆ.

ಬಲೆ ನೇರವಾಗಿ ದಡಕ್ಕೆ ಬಂತು. ಬರುತ್ತಲೇ ಇತ್ತು. ಬೆಳಗ್ಗೆ ತಲೆ ಕಂಡ ಬಲೆಯ ಬಾಲ ಕಾಣುವಾಗ ಮಧ್ಯಾಹ್ನ ತಿರುಗಿತ್ತು. ಬುಟ್ಟಿ ಸಾಲದೆ ದೋಣಿಗೆ ತುಂಬಿದರು, ದೋಣಿ ಸಾಲದೆ ಕೊಪ್ಪರಿಗೆಗೆ, ಕೊಪ್ಪರಿಗೆ ಸಾಲದೆ ಮದುಮಗಳ ಪೆಟ್ಟಿಗೆಗೆ. ಊರಿನ ಬೆಕ್ಕುಗಳು ಮೂರು ದಿನ ಕಳೆಯುವಷ್ಟರಲ್ಲಿ ಮೀನು ಕಂಡರೆ ಮುಖ ತಿರುಗಿಸಿ ಮಜ್ಜಿಗೆ ಅನ್ನ ಕೇಳಿದವು. ಪಕ್ಕದ ಊರಿನವರು ಗಂಜಿಯ ಮಡಕೆ ಚೆಲ್ಲಿ ಅದರಲ್ಲೂ ಮೀನು ತುಂಬಿಕೊಂಡು ಹೋದರು. ದಡ ಊರಿಗೇ ಉಳಿಯಿತು. ಗಂಟಲು ಬಿದ್ದುಹೋಗಿದ್ದ ತಾಂಡೇಲ ಎರಡು ಊರಿಗೆ ಕೇಳುವ ಹಾಗೆ ನಕ್ಕ. ಬಲಶಾಲಿ ಮುದುಕಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ದಡದ ಈ ಕೊನೆಯಿಂದ ಆ ಕೊನೆಗೆ ಓಡಿದ. "ನಿಧಾನ" ಎಂದು ಅವಳು ತಲೆಗೆ ಮೊಟಕಿದಳು. ಅವನು ನಿಧಾನವಾದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತ್ತು, ತಾನೇ ಬಲೆ ಎಳೆದು ಬಂದವನ ಹಾಗೆ.

"ಎಂಥ ಮನುಷ್ಯ" ಎಂದ. "ಅವನ ಹೆಸರೇನು ಗುರುಗಳೇ?"

"ಹೋಗಿ ಕೇಳಿದೆ, ಊರಿನಲ್ಲಿ ಯಾರಿಗೂ ನೆನಪಿಲ್ಲ, ಬಲೆ ಮಾತ್ರ ಇವತ್ತಿಗೂ ನೇರವಾಗಿ ಬರುತ್ತಿದೆ" ಎಂದರು ಗುರು.